ಮರಿಯ ಸೊಂಟ ಬಿದ್ದ ಮೇಲೆ ಅಲ್ಲ, ತಾಯಿ ಗಬ್ಬವಿದ್ದಾಗಲೇ ಎಚ್ಚರ



ಆಡಿನ ಮರಿ ಹಿಂಗಾಲು ಎಳೆಯತೊಡಗಿತೆಂದರೆ ನಮ್ಮ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ನಡೆಯುವ ಉಪಚಾರ ಎಲ್ಲರಿಗೂ ತಿಳಿದದ್ದೇ. ಒಬ್ಬರು ಸೊಂಟದ ಮೇಲೆ ಚುಟಿಗೆ ಹಾಕಿಸುತ್ತಾರೆ. ಮತ್ತೊಬ್ಬರು ದೃಷ್ಟಿ ತೆಗೆಸುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಪೇಟೆಯಿಂದ ನರದ ಶಕ್ತಿಗೆಂದು ಸೂಜಿಮದ್ದು ತಂದು ಚುಚ್ಚಿಸುತ್ತಾರೆ. ಮರಿ ಕೆಲವು ದಿನ ನರಳಿ ಸಾಯುತ್ತದೆ. ಅದರ ಆಯುಷ್ಯ ಅಷ್ಟೇ ಇತ್ತೆಂದು ಸಮಾಧಾನ ಹೇಳಿಕೊಂಡು ಹಳ್ಳಕ್ಕೆ ಎಸೆದು ಬರುತ್ತಾರೆ. ಮುಂದಿನ ಸಲ ಅದೇ ಆಡು ಈಯುತ್ತದೆ, ಅದೇ ಗೋಳು ಮತ್ತೆ ನಡೆಯುತ್ತದೆ.

ಈ ಖರ್ಚೂ ಶ್ರಮವೂ ತಪ್ಪು ಜಾಗದಲ್ಲಿ, ತಪ್ಪು ವೇಳೆಯಲ್ಲಿ ಆಗುತ್ತಿವೆ ಎಂಬುದು ನಮ್ಮ ಅಭಿಪ್ರಾಯ. ಮರಿಗಳು ಕಾಲು ಎಳೆಯುವುದಕ್ಕೆ ಕಾರಣಗಳು ಹಲವಾರು. ಅವುಗಳಲ್ಲಿ ಒಂದು ರೋಗ ಮಾತ್ರ ಮರಿ ಹುಟ್ಟುವ ಮೊದಲೇ ತಾಯಿಯ ಹೊಟ್ಟೆಯಲ್ಲಿ ಬೇರು ಬಿಟ್ಟಿರುತ್ತದೆ. ಅದು ತಾಮ್ರವೆಂಬ ಖನಿಜದ ಕೊರತೆಯಿಂದ ಬರುವ ನರರೋಗ. ಅದಕ್ಕೆ ಮದ್ದು ಮರಿಗಲ್ಲ, ಗಬ್ಬದ ಆಡಿಗೆ. ಆದರೆ ರೋಗ ಇದೇ ಎಂದು ಪರೀಕ್ಷೆಯಿಂದ ಗೊತ್ತುಮಾಡಿಕೊಳ್ಳದೆ ತಾಮ್ರ ಕೊಡುವುದು ಕೊರತೆಗಿಂತಲೂ ಕೆಟ್ಟದ್ದು. ಈ ಎರಡು ಮಾತುಗಳನ್ನು ಕೂಡಿಸಿಯೇ ಹೇಳಬೇಕಾಗಿದೆ. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟರೆ ಅನಾಹುತವಾದೀತು.

ಮೊದಲು ರೋಗದ ಗುರುತು ನೋಡೋಣ. ಇದು ಎರಡು ಬಗೆಯಾಗಿ ತೋರುತ್ತದೆ. ಕೆಲವು ಮರಿಗಳು ಹುಟ್ಟುವಾಗಲೇ ಬಲಹೀನವಾಗಿದ್ದು ಎದ್ದು ನಿಲ್ಲಲಾರವು, ತಾವಾಗಿ ಮೊಲೆಗೆ ಬಾಯಿ ಹಾಕಲಾರವು. ಇನ್ನು ಕೆಲವು ಹುಟ್ಟುವಾಗ ಚೆನ್ನಾಗಿಯೇ ಇದ್ದು, ಜಿಗಿದಾಡಿಕೊಂಡಿದ್ದು, ಕೆಲವು ವಾರಗಳಿಂದ ಹಿಡಿದು ಮೂರು-ನಾಲ್ಕು ತಿಂಗಳ ವಯಸ್ಸಿನೊಳಗೆ ಕೆಡುತ್ತವೆ. ಆಡಿನ ಮರಿಗಳಲ್ಲಿ ಈ ಎರಡನೆಯ ಬಗೆಯೇ ಹೆಚ್ಚು. ಹಿಂಡನ್ನು ಜೋರಾಗಿ ಹೊಡೆದುಕೊಂಡು ಹೋಗುವಾಗ ಇಂಥ ಮರಿ ಹಿಂದೆ ಬೀಳುತ್ತದೆ. ತಿರುಗುವಾಗ ಸೊಂಟ ಒಂದು ಕಡೆಗೆ ಓಲಿ ಬಿದ್ದುಬಿಡುತ್ತದೆ. ಹಿಂಗಾಲಿನ ಗೊರಸು ಮಡಚಿ ನೆಲಕ್ಕೆ ಉಜ್ಜುತ್ತದೆ. ಮುಂದೆ ನಾಯಿ ಕೂತಂತೆ ಹಿಂಭಾಗ ಊರಿ ಕೂಡುತ್ತದೆ. ಕೊನೆಗೆ ಮುಂಗಾಲುಗಳೂ ಸೋತು ಮಲಗಿಬಿಡುತ್ತದೆ.

ಗಮನಿಸತಕ್ಕ ಸಂಗತಿಯೆಂದರೆ, ಇಷ್ಟಾದರೂ ಮರಿಗೆ ಜ್ವರವಿರುವುದಿಲ್ಲ. ಕಣ್ಣು ಚುರುಕಾಗಿರುತ್ತದೆ, ಹಾಲು ಕುಡಿಯುತ್ತದೆ, ಎಳೆ ಮೇವಿಗೆ ಬಾಯಿ ಹಾಕುತ್ತದೆ. ಈ ಕಾರಣದಿಂದಲೇ ಮನೆಯವರು, ಹೊಟ್ಟೆಗೆ ತಿನ್ನುತ್ತಿದೆ, ಇಂದಲ್ಲ ನಾಳೆ ಎದ್ದೀತು ಎಂದು ಕಾಯುತ್ತಾರೆ. ಪೂರ್ತಿ ಮಲಗಿದ ಮರಿ ಏಳುವುದಿಲ್ಲ. ಬಿದ್ದಲ್ಲೇ ಇದ್ದು ಚಳಿಗೆ ಸಿಕ್ಕು, ಇಲ್ಲವೆ ಎದೆಯಲ್ಲಿ ಕಫ ಕಟ್ಟಿ ಸಾಯುತ್ತದೆ.

ಈ ರೋಗದ ಮೂಲ ಮೊದಲು ತಿಳಿದದ್ದು ಆಡುಗಳಲ್ಲಿ ಅಲ್ಲ, ಕುರಿಗಳಲ್ಲಿ. ದೂರದ ಪಶ್ಚಿಮ ಆಸ್ಟ್ರೇಲಿಯದಲ್ಲಿ ಜಿಂಜಿನ್ ಎಂಬ ಊರಿನ ಸೀಮೆಯಲ್ಲಿ ಕುರಿಮರಿಗಳು ಹೀಗೆಯೇ ಸೊಂಟ ಬಿದ್ದು ಸಾಯುತ್ತಿದ್ದವು. ಅಲ್ಲಿಯ ಪಶುರೋಗ ತಜ್ಞ ಬೆನೆಟ್ಸ್ ಎಂಬವರು ಚಾಪ್‌ಮನ್ ಎಂಬವರ ಜೊತೆಗೂಡಿ, ಇದಕ್ಕೆ ತಾಮ್ರದ ಕೊರತೆಯೇ ಕಾರಣವೆಂದು 1937ರಲ್ಲಿ ಪ್ರಕಟಿಸಿದರು. ಅಲ್ಲಿಯ ಹುಲ್ಲಿನಲ್ಲಿಯೂ ಕುರಿಗಳ ಪಿತ್ತಜನಕಾಂಗದಲ್ಲಿಯೂ ತಾಮ್ರ ತೀರ ಕಡಿಮೆಯಿತ್ತು. ಗಬ್ಬದ ಕುರಿಗಳಿಗೆ ತಾಮ್ರ ಕೊಟ್ಟಾಗ ಹುಟ್ಟಿದ ಮರಿಗಳು ಸರಿಯಾಗಿ ನಡೆದವು. ಆಡಿನ ಮರಿಗಳಿಗೂ ಇದೇ ರೋಗ ಬರುವುದು ಅನಂತರ ಹಲವು ದೇಶಗಳಲ್ಲಿ ಕಂಡುಬಂತು. ಇಂಗ್ಲಿಷಿನಲ್ಲಿ ಇದಕ್ಕೆ ಸ್ವೇಬ್ಯಾಕ್ ಎಂದೂ ಎನ್‌ಜೂಟಿಕ್ ಅಟಾಕ್ಸಿಯ ಎಂದೂ ಹೆಸರು. ವೈದ್ಯರೊಡನೆ ಮಾತಾಡುವಾಗ ಈ ಹೆಸರು ನೆನಪಿದ್ದರೆ ಉಪಯೋಗವಾದೀತು.

ಪಾತ್ರೆ ಮಾಡುವ ತಾಮ್ರಕ್ಕೂ ಮರಿಯ ನಡಿಗೆಗೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಬಾವಿಯ ಪಂಪಿಗೆ ಹೋಗುವ ವಿದ್ಯುತ್ ತಂತಿಯನ್ನು ನೆನೆಯಿರಿ. ತಂತಿಯ ಮೇಲೆ ಹೊದಿಕೆಯಿರುತ್ತದೆ. ಹೊದಿಕೆ ಹರಿದರೆ ವಿದ್ಯುತ್ತು ಸರಿಯಾಗಿ ಪಂಪಿಗೆ ಮುಟ್ಟದು. ಪ್ರಾಣಿಯ ನರಗಳ ಮೇಲೆಯೂ ಮಯಲಿನ್ ಎಂಬ ಕೊಬ್ಬಿನಂಥ ಹೊದಿಕೆಯಿದೆ. ಮಿದುಳಿನ ಅಪ್ಪಣೆ ಕಾಲಿಗೆ ಮುಟ್ಟಬೇಕಾದರೆ ಅದು ಸರಿಯಾಗಿರಬೇಕು. ಈ ಹೊದಿಕೆ ಕಟ್ಟುವುದಕ್ಕೂ, ನರದ ಕಣಗಳು ಉಸಿರಾಡಿ ಬಲ ಪಡೆಯುವುದಕ್ಕೂ ಬೇಕಾಗುವ ಕಿಣ್ವಗಳು ತಾಮ್ರವಿಲ್ಲದೆ ಕೆಲಸ ಮಾಡಲಾರವು. ಮರಿಯ ಮಿದುಳು, ಬೆನ್ನುಹುರಿಗಳು ಬೆಳೆಯುವುದು ತಾಯಿಯ ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ವಾರಗಳಲ್ಲಿ. ಆಗ ಬೇಕಾದ ತಾಮ್ರವನ್ನು ಮರಿ ತಾಯಿಯಿಂದ ಪಡೆದು ತನ್ನ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಂಡು ಹುಟ್ಟಬೇಕು. ಹುಟ್ಟಿದ ಮೇಲೆ ಹಾಲಿನಿಂದ ಬಂದೀತು ಎನ್ನುವ ಹಾಗಿಲ್ಲ. ಹಾಲಿನಲ್ಲಿ ತಾಮ್ರ ಸಹಜವಾಗಿಯೇ ಬಲು ಕಡಿಮೆ. ಅವಳಿ ಮರಿ ಹಾಕುವ ಆಡಿನ ಮೇಲೆ ಈ ಭಾರ ಇಮ್ಮಡಿ. ನಮ್ಮ ಕಡೆ ಹೆಚ್ಚಾಗಿ ಸಾಕುವ ಉಸ್ಮಾನಾಬಾದಿ ಆಡುಗಳು ಅವಳಿಗಳಿಗೆ ಹೆಸರಾದವು ಎಂಬುದನ್ನು ಮರೆಯಬಾರದು.

ಒಮ್ಮೆ ಕೆಟ್ಟ ನರವನ್ನು ಯಾವ ಸೂಜಿಯೂ ಮರಳಿ ಕಟ್ಟಲಾರದು. ಸ್ವಲ್ಪವೇ ತೂರಾಡುವ ಮರಿಗೆ ವೈದ್ಯರು ಅಳತೆಯಿಂದ ತಾಮ್ರ ಕೊಟ್ಟರೆ ರೋಗ ಅಲ್ಲಿಗೆ ನಿಂತೀತು. ಬಿದ್ದ ಮರಿಗೆ ಕೊಟ್ಟರೆ ಪ್ರಯೋಜನವಿಲ್ಲ. ಕಾದ ಕಬ್ಬಿಣದ ಮಾತಂತೂ ಬೇಡವೇ ಬೇಡ. ಒಳಗಿನ ತಂತಿ ಕೆಟ್ಟಾಗ ಪಂಪಿನ ಮೈ ಸುಟ್ಟರೆ ನೀರು ಬಂದೀತೇ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಇಲ್ಲಿ ಪೂರ್ತಿ ಹೊಂದುತ್ತದೆ.

ಇನ್ನು ಕೊರತೆ ಬರುವುದಾದರೂ ಹೇಗೆ? ಆಡಿಗೆ ಬೇಕಾಗುವ ತಾಮ್ರ ಬಹಳವೇನಲ್ಲ. ಒಂದು ಕಿಲೋ ಒಣ ಮೇವಿನಲ್ಲಿ ಸುಮಾರು 10 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. ಅಷ್ಟೂ ಇಲ್ಲದ ಮೇವನ್ನೇ ತಿಂಗಳುಗಟ್ಟಲೆ ತಿಂದರೆ ಕೊರತೆಯಾಗುವುದು ಸಹಜ. ಆದರೆ ಮೇವಿನಲ್ಲಿ ತಾಮ್ರವಿದ್ದೂ ಆಡಿಗೆ ಸಿಗದೆ ಹೋಗುವ ದಾರಿ ಇನ್ನೊಂದಿದೆ. ಮಾಲಿಬ್ಡಿನಮ್ ಎಂಬ ಬೇರೊಂದು ಖನಿಜ ಮತ್ತು ಗಂಧಕ ಇವೆರಡೂ ಆಡಿನ ಹೊಟ್ಟೆಯಲ್ಲಿ ಕೂಡಿದರೆ ತಾಮ್ರವನ್ನು ಬಿಗಿಯಾಗಿ ಹಿಡಿದುಬಿಡುತ್ತವೆ. ಆಗ ಅದು ರಕ್ತಕ್ಕೆ ಸೇರದೆ ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಸುಣ್ಣದಂಶ ಹೆಚ್ಚಿರುವ ಕ್ಷಾರ ನೆಲದಲ್ಲಿ ಮಾಲಿಬ್ಡಿನಮ್ ಗಿಡಗಳಿಗೆ ಸುಲಭವಾಗಿ ಸಿಗುತ್ತದೆ. ಕೆಲವು ಕೊಳವೆಬಾವಿಗಳ ಸವುಳು ನೀರಿನಲ್ಲಿ ಗಂಧಕದ ಲವಣ ಹೆಚ್ಚಿರುತ್ತದೆ. ಬೇಸಿಗೆಯಲ್ಲಿ ಹುಲ್ಲಿನ ಬುಡ ಕಚ್ಚುವಾಗ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಆ ಮಣ್ಣಿನ ಕಬ್ಬಿಣವೂ ತಾಮ್ರಕ್ಕೆ ಅಡ್ಡ ಬರುತ್ತದೆ. ಬರದ ವರ್ಷ ಇವೆಲ್ಲ ಒಟ್ಟುಗೂಡುವ ಸಂಭವ ಹೆಚ್ಚೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಕಲಿತ ತರುಣರು ಒಂದು ಆಕ್ಷೇಪಣೆ ಎತ್ತಬಹುದು. 2015ರಿಂದ ಸರಕಾರ ಮಣ್ಣಿನ ಆರೋಗ್ಯ ಪತ್ರ ಕೊಡುತ್ತಿದೆ, ಅದರಲ್ಲಿ ತಾಮ್ರದ ಲೆಕ್ಕವೂ ಇರುತ್ತದೆ, ನಮ್ಮ ಹೊಲದ ಪತ್ರದಲ್ಲಿ ತಾಮ್ರ ಸಾಕಷ್ಟಿದೆ ಎಂದು ಬಂದಿದೆಯಲ್ಲ ಎಂದು ಕೇಳಬಹುದು. ಪತ್ರ ಹೇಳುವುದು ಸುಳ್ಳಲ್ಲ. ಆದರೆ ಅದು ಬೆಳೆಯ ಮಾತು, ಆಡಿನ ಮಾತಲ್ಲ. ಜೋಳಕ್ಕೆ ಸಾಕಾಗುವಷ್ಟು ತಾಮ್ರ ಗಬ್ಬದ ಆಡಿಗೆ ಸಾಕಾಗಬೇಕೆಂದಿಲ್ಲ. ಅಲ್ಲದೆ ಆ ಪತ್ರದ 12 ಕಲಮುಗಳಲ್ಲಿ ಮಾಲಿಬ್ಡಿನಮ್ ಇಲ್ಲವೇ ಇಲ್ಲ. ನಮ್ಮ ಆಡುಗಳಾದರೂ ಒಂದೇ ಹೊಲದಲ್ಲಿ ಮೇಯುತ್ತವೆಯೇ? ಗುಡ್ಡ, ಹಳ್ಳ, ಬದು, ಕೂಳೆ ಎಲ್ಲ ಸುತ್ತಿ ಬರುತ್ತವೆ. ಆದುದರಿಂದ ಆಡಿನ ಲೆಕ್ಕ ಆಡಿನ ರಕ್ತದಿಂದ, ಸತ್ತ ಮರಿಯ ಪಿತ್ತಜನಕಾಂಗದಿಂದ ಗೊತ್ತಾಗತಕ್ಕದ್ದು.

ಕಣ್ಣಿಗೆ ಕಾಣುವ ಒಂದು ಸೂಚನೆಯನ್ನು ಮಾತ್ರ ಮನೆಯವರೇ ನೋಡಬಹುದು. ಕೂದಲಿಗೆ ಕಪ್ಪು ಬಣ್ಣ ಬರುವುದಕ್ಕೂ ತಾಮ್ರ ಬೇಕು. ಉಸ್ಮಾನಾಬಾದಿ ಆಡು ಬಹುಮಟ್ಟಿಗೆ ಕರ್ರಗಿನ ತಳಿ. ಕಪ್ಪು ಆಡಿನ ಮೈ ಹೊಳಪು ಕಳೆದುಕೊಂಡು ತುಕ್ಕು ಹಿಡಿದ ಕಬ್ಬಿಣದಂತೆ ಕೆಂಪಾದರೆ, ಮೈ ಸೊರಗಿದರೆ, ಕಣ್ಣಿನ ಒಳಪೊರೆ ಬಿಳಿಚಿಕೊಂಡರೆ, ಆ ಹಿಂಡಿನಲ್ಲಿ ತಾಮ್ರದ ಕೊರತೆಯ ಸಂಶಯ ಪಡಬೇಕು. ಕುರಿಯಾದರೆ ಉಣ್ಣೆ ತನ್ನ ಗುಂಗುರು ಕಳೆದುಕೊಂಡು ನೆಟ್ಟಗಾಗುತ್ತದೆ. ಇವು ಸಂಶಯಕ್ಕೆ ಸಾಕು, ತೀರ್ಪಿಗೆ ಸಾಲವು. ಹೊಟ್ಟೆಯ ಜಂತು ಮತ್ತು ಬರಿಯ ಹಸಿವು ಇವುಗಳಿಂದಲೂ ಮೈ ಹೀಗೆ ಕೆಡುತ್ತದೆ.

ಕಾಲು ಎಳೆಯುವ ಬೇರೆ ರೋಗಗಳೂ ಇವೆ ಎಂದು ಮೊದಲೇ ಹೇಳಿದೆವು. ಹೊಕ್ಕಳಿನಿಂದ ನಂಜು ಸೇರಿದರೆ ಮರಿಯ ಕೀಲುಗಳು ಬಾತು ಬಿಸಿಯಾಗುತ್ತವೆ, ಜ್ವರವೂ ಇರುತ್ತದೆ. ಸೆಲೆನಿಯಮ್ ಎಂಬ ಖನಿಜ, ಇ ಜೀವಸತ್ವ ಇವುಗಳ ಕೊರತೆಯಿದ್ದರೆ ಕೆಡುವುದು ನರವಲ್ಲ, ಮಾಂಸ. ಆಗ ಮರಿ ಸೆಟೆದುಕೊಂಡು ನಡೆಯುತ್ತದೆ. ಸೊಳ್ಳೆಯ ಮೂಲಕ ದನಗಳಿಂದ ಬರುವ ಒಂದು ಹುಳು ಆಡಿನ ಬೆನ್ನುಹುರಿಯನ್ನು ಹೊಕ್ಕು ಸೊಂಟ ಬೀಳಿಸುವುದುಂಟು. ಲಿಸ್ಟೀರಿಯ ಎಂಬ ರೋಗಾಣು ಮಿದುಳಿಗೆ ಹತ್ತಿದರೆ ಆಡು ಒಂದೇ ಕಡೆಗೆ ಸುತ್ತುತ್ತದೆ, ಕಿವಿ ಜೋತು ಬೀಳುತ್ತದೆ. ಇವುಗಳಲ್ಲಿ ಕೆಲವಕ್ಕೆ ವೇಳೆಗೆ ಸರಿಯಾದ ಔಷಧ ಸಿಕ್ಕರೆ ಪ್ರಾಣಿ ಬದುಕುತ್ತದೆ. ಸೊಂಟ ಬಿದ್ದದ್ದೆಲ್ಲ ತಾಮ್ರದ ರೋಗವೆಂದು ಕೂತರೆ ಅವೂ ಸಾಯುತ್ತವೆ.

ಈಗ ನಮ್ಮ ಎರಡನೆಯ ಮಾತಿಗೆ ಬರೋಣ. ತಾಮ್ರದ ಕೊರತೆಯೆಂದು ಕೇಳಿದ ಕೂಡಲೆ ಕೈ ಹೋಗುವುದು ಮೈಲುತುತ್ತದ ಕಡೆಗೆ. ಮರಾಠಿಯ ವಾಡಿಕೆಯಿಂದ ನಮ್ಮ ತೋಟಿಗರು ಮೋರಚೂದ ಎಂದು ಕರೆಯುವ ಈ ನೀಲಿ ಹರಳು ದ್ರಾಕ್ಷಿ, ದಾಳಿಂಬೆ ತೋಟವಿದ್ದ ಮನೆಗಳಲ್ಲಿ ಚೀಲದಲ್ಲಿಯೇ ಇರುತ್ತದೆ. ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುವ ಲೆಕ್ಕ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಚಿಟಿಕೆ ಆಡಿಗೂ ಕುಡಿಸಿದರಾಯಿತು ಎನ್ನುವ ಅರೆತಿಳಿವಳಿಕೆಯ ಸಲಹೆಗಾರರು ಊರೂರಿಗೆ ಇರುತ್ತಾರೆ. ಇದರಂಥ ಅಪಾಯ ಮತ್ತೊಂದಿಲ್ಲ. ತಾಮ್ರ ಬೇಕಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಚಿಟಿಕೆಯಲ್ಲಿ ಅದರ ಎಷ್ಟೋ ಪಾಲು ಹೆಚ್ಚಿಗೆ ಹೋಗುತ್ತದೆ. ಹೊಳೆಗೆ ಸುರಿದರೂ ಅಳೆದು ಸುರಿ ಎಂದ ಹಿರಿಯರು ಆಡಿನ ಹೊಟ್ಟೆಗೆ ಅಳೆಯದೆ ಸುರಿಯಿರಿ ಎಂದಾರೇ?

ಅದರಲ್ಲಿಯೂ ಕುರಿ ಸಾಕುವವರು ಹೆಚ್ಚಿನ ಎಚ್ಚರ ವಹಿಸಬೇಕು. ನಾವು ಸಾಕುವ ಪ್ರಾಣಿಗಳಲ್ಲಿ ತಾಮ್ರದ ವಿಷಕ್ಕೆ ಬೇಗ ತುತ್ತಾಗುವುದು ಕುರಿ. ಆಡು ಕುರಿಗಿಂತ ಸ್ವಲ್ಪ ಹೆಚ್ಚು ತಡೆದೀತು, ಆದರೆ ಎಳೆಯ ಮರಿ ತಡೆಯದು. ಹೆಚ್ಚಾದ ತಾಮ್ರ ವಾರಗಟ್ಟಲೆ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂಡುತ್ತದೆ. ಪ್ರಾಣಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಒಂದು ದಿನ ಅದೆಲ್ಲ ಒಮ್ಮೆಗೇ ರಕ್ತಕ್ಕೆ ಬಂದು ರಕ್ತದ ಕಣಗಳು ಒಡೆಯುತ್ತವೆ. ಕಣ್ಣು ಹಳದಿಯಾಗುತ್ತದೆ, ಉಚ್ಚೆ ಕೆಂಪಾಗಿ ಕಪ್ಪಾಗುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಜತ್ತ ತಾಲೂಕಿನ ಮಾಡಗ್ಯಾಳ ಕುರಿ ನಮ್ಮ ಸೀಮೆಗೆ ಹೆಸರು ತಂದ ತಳಿ. ಒಂದೇ ಹಟ್ಟಿಯಲ್ಲಿ ಆಡು-ಕುರಿ ಕೂಡಿ ಇರುವ ಮನೆಗಳೇ ಇಲ್ಲಿ ಹೆಚ್ಚು. ಆಡಿಗೆಂದು ಇಟ್ಟ ತಾಮ್ರದ ಮಿಶ್ರಣವನ್ನು ಕುರಿ ನೆಕ್ಕಿದರೆ, ಮರಿ ಉಳಿಸಲು ಹೋಗಿ ಕುರಿ ಕಳೆದುಕೊಂಡ ಹಾಗಾಗುತ್ತದೆ. ಹಾಗೆಯೇ ಬೋರ್ಡೊ ಸಿಂಪಡಿಸಿದ ತೋಟದ ಕೆಳಗಿನ ಹುಲ್ಲಿಗೆ ಕುರಿ ಬಿಡಬಾರದು. ಒಂದೇ ಊರಿನಲ್ಲಿ ಗುಡ್ಡ ಮೇಯುವ ಆಡಿಗೆ ತಾಮ್ರ ಸಾಲದೆ, ತೋಟ ಮೇಯುವ ಕುರಿಗೆ ತಾಮ್ರ ಹೆಚ್ಚಾಗಿರುವುದು ಅಸಂಭವವಲ್ಲ. ಇದೇ ಕಾರಣದಿಂದ ನಾವು ಪರೀಕ್ಷೆ, ಪರೀಕ್ಷೆ ಎಂದು ಒತ್ತಿ ಹೇಳುತ್ತಿದ್ದೇವೆ.

ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಕುಡಿಸಿದರೆ ಸಾಲದೇ ಎಂದೂ ಕೆಲವರು ಕೇಳುತ್ತಾರೆ. ಅದರಿಂದ ಎಷ್ಟು ತಾಮ್ರ ಹೋಗುತ್ತದೆಂಬುದು ನೀರಿನ ಗುಣ, ಇಟ್ಟ ವೇಳೆ ಇವುಗಳ ಮೇಲೆ ಹೋಗುತ್ತದೆ. ಅಳತೆಯಿಲ್ಲದ್ದನ್ನು ಔಷಧವೆನ್ನಲಾಗದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಪ್ರತಿ ಆಡಿಗೂ ಹೋತ ಹಾರಿದ ದಿನವನ್ನು ಬರೆದಿಡಬೇಕು. ಆಡಿನ ಗಬ್ಬ ಸುಮಾರು 150 ದಿನ. ಮರಿಯ ನರಗಳು ಭರದಿಂದ ಬೆಳೆಯುವುದು ಅದರ ಉತ್ತರಾರ್ಧದಲ್ಲಿ. ದಿನ ಗೊತ್ತಿಲ್ಲದಿದ್ದರೆ ವೈದ್ಯರು ಕೊಡುವ ಮದ್ದಿಗೂ ವೇಳೆ ತಪ್ಪುತ್ತದೆ. ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಒಂದು ಹಳೆಯ ನೋಟುಬುಕ್ಕು ಕೊಟ್ಟು ಆಡಿನ ಹೆಸರು, ಹಾರಿದ ತಾರೀಖು, ಈದ ತಾರೀಖು, ಮರಿ ಎಷ್ಟು, ಯಾವುದು ಕಾಲೆಳೆಯಿತು ಎಂದು ಬರೆಯಿಸಿರಿ. ನಾವು ಪಾಠ ಹೇಳುವವರಾಗಿ ಬಲ್ಲೆವು, ನಾಲ್ಕನೆಯ ಇಯತ್ತೆಯ ಹುಡುಗಿ ಈ ಲೆಕ್ಕವನ್ನು ದೊಡ್ಡವರಿಗಿಂತ ಚೊಕ್ಕವಾಗಿ ಇಡುತ್ತಾಳೆ. ಅಂಥ ಎರಡು ವರ್ಷದ ಪುಸ್ತಕ ವೈದ್ಯರಿಗೆ ಅರ್ಧ ನಿದಾನವನ್ನೇ ಹೇಳಿಬಿಡುತ್ತದೆ.

ಎರಡನೆಯದಾಗಿ, ಸತ್ತ ಮರಿಯನ್ನು ಹಳ್ಳಕ್ಕೆ ಎಸೆಯಬಾರದು. ಬಿಸಿಲು ಏರುವ ಮೊದಲೇ ಚೀಲದಲ್ಲಿ ಬರ್ಫಿನ ಜೊತೆ ಇಟ್ಟು ದನದ ದವಾಖಾನೆಗೆ ಮುಟ್ಟಿಸಬೇಕು. ಮನೆಯಲ್ಲಿ ಕೊಯ್ದು ನೋಡಬಾರದು. ಪಿತ್ತಜನಕಾಂಗದ ತುಂಡಿನಿಂದ ತಾಮ್ರದ ಮೊತ್ತ ತಿಳಿಯುತ್ತದೆ. ಮಿದುಳು, ಬೆನ್ನುಹುರಿಗಳಿಂದ ನರ ಕೆಟ್ಟ ಬಗೆ ತಿಳಿಯುತ್ತದೆ. ತೆಗೆದ ಮಾದರಿಗಳನ್ನು ಪ್ರಯೋಗಶಾಲೆಗೆ ಕಳಿಸುವುದು ವೈದ್ಯರ ಕೆಲಸ, ಕಳಿಸಿರಿ ಎಂದು ಕೇಳುವುದು ನಮ್ಮ ಕೆಲಸ. ಸತ್ತ ಒಂದು ಮರಿಯನ್ನು ಪರೀಕ್ಷೆಗೆ ಕೊಟ್ಟವನು ಇಡೀ ಓಣಿಯ ಮರಿಗಳನ್ನು ಉಳಿಸಿದ ಹಾಗೆ.

ಮೂರನೆಯದಾಗಿ, ಕಾಲೆಳೆಯುವ ಮರಿ ಕಂಡ ದಿನವೇ ವೈದ್ಯರನ್ನು ಕರೆಯಬೇಕು. ಫೋನಿನಲ್ಲಿ 1962 ಒತ್ತಿದರೆ ಸಂಚಾರಿ ಪಶುವೈದ್ಯ ವಾಹನವನ್ನು ಕರೆಯಬಹುದು. ಆ ಮರಿಯ ಒಡಹುಟ್ಟಿದವು, ಅದೇ ಹಂಗಾಮಿನಲ್ಲಿ ಹುಟ್ಟಿದ ಉಳಿದ ಮರಿಗಳು ಇವುಗಳನ್ನೂ ತೋರಿಸಬೇಕು, ತಾಯಂದಿರ ರಕ್ತ ತೆಗೆಸಬೇಕು. ಹತ್ತು ಮನೆಯವರು ಕೂಡಿ ಕರೆದರೆ ವೈದ್ಯರಿಗೂ ಬರಲು ಹುರುಪು, ಖರ್ಚೂ ಹಂಚಿಹೋಗುತ್ತದೆ.

ನಾಲ್ಕನೆಯದಾಗಿ, ಕೊರತೆ ಖಚಿತವಾದ ಮೇಲೆ ವೈದ್ಯರು ಹೇಳಿದ ಖನಿಜ ಮಿಶ್ರಣ ಇಲ್ಲವೆ ತಾಮ್ರದ ಗುಳಿಗೆಯನ್ನು, ಹೇಳಿದ ಅಳತೆಯಲ್ಲಿ, ಗಬ್ಬದ ಆಡಿಗೆ ಮಾತ್ರ, ಕುರಿಗಳಿಂದ ಬೇರೆ ಕಟ್ಟಿ ಕೊಡಬೇಕು. ಎರಡು ಬಗೆಯ ಮಿಶ್ರಣಗಳನ್ನು ಒಟ್ಟಿಗೆ ಕೊಡಬಾರದು. ಬರಿಯ ಕಣಿಕೆಯ ಮೇಲೆ ಗಬ್ಬದ ಆಡನ್ನು ಸಾಗಿಸದೆ ಗಿಡದ ಸೊಪ್ಪು, ಕಾಳಿನ ಹೊಟ್ಟು, ಹಿಡಿ ಹಿಂಡಿ ಸೇರಿಸಿ ಮೇವಿನಲ್ಲಿ ಬಗೆ ತರುವುದು ಯಾವ ಪರೀಕ್ಷೆಗೂ ಕಾಯದೆ ಇಂದೇ ಮಾಡಬಹುದಾದ ಕೆಲಸ.

ಸರಕಾರಕ್ಕೂ ಒಂದು ಮಾತು. ಗಡಿಯಾಚೆಯ ನಮ್ಮ ಹಳ್ಳಿಗಳಲ್ಲಿ ಆಡು ನೋಡಿಕೊಳ್ಳುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಮುದುಕರು. ಇವರಲ್ಲಿ ಬಹಳ ಜನಕ್ಕೆ ಕನ್ನಡ ಬಿಟ್ಟು ಬೇರೆ ಮಾತು ನಾಲಿಗೆಗೆ ಹೊರಳದು. ಖನಿಜ ಮಿಶ್ರಣದ ಪೊಟ್ಟಣದ ಮೇಲಿನ ಅಳತೆ ಇಂಗ್ಲಿಷಿನಲ್ಲಿ, ದವಾಖಾನೆಯ ಹಸ್ತಪತ್ರಿಕೆ ಮರಾಠಿಯಲ್ಲಿ ಇರುತ್ತದೆ. ಬೇರೆ ಔಷಧವಾದರೆ ಹೇಗೋ ನಡೆದೀತು. ಹೆಚ್ಚಾದರೆ ಕೊಲ್ಲುವ, ಕಡಿಮೆಯಾದರೆ ಕುಂಟಿಸುವ ವಸ್ತುವಿನ ವಿಷಯದಲ್ಲಿ ಓದಲು ಬಾರದ ಅಳತೆ ಇದ್ದೂ ಇಲ್ಲದಂತೆ. ಕನ್ನಡ ಮಾತಾಡುವ ತಾಲೂಕುಗಳಿಗೆ ಪಶುಸಂಗೋಪನ ಇಲಾಖೆ ಒಂದು ಪುಟದ ಕನ್ನಡ ಹಸ್ತಪತ್ರಿಕೆ ಹಂಚಬೇಕು. ಆಡು ಹೆಚ್ಚಿರುವ ಊರುಗಳಲ್ಲಿ ಗಬ್ಬದ ಹಂಗಾಮಿಗೆ ಮೊದಲು ರಕ್ತದ ಮಾದರಿ ಸಂಗ್ರಹಿಸಿ, ಫಲಿತಾಂಶವನ್ನು ಗ್ರಾಮಪಂಚಾಯತಿಯ ಹಲಗೆಯ ಮೇಲೆ ಬರೆಯಿಸಬೇಕು. ಇದು ಭಾಷೆಯ ಜಗಳವಲ್ಲ, ಬಡವರ ಮರಿಯ ಕಾಲಿನ ಪ್ರಶ್ನೆ. ನಮ್ಮ ಕಡೆ ಮಗಳ ಮದುವೆ, ಮಗನ ಶಾಲೆಯ ಖರ್ಚು, ಮುದುಕಿಯ ಔಷಧ ಎಲ್ಲಕ್ಕೂ ಸಂತೆಗೆ ಹೋಗುವುದು ಆಡಿನ ಮರಿಯೇ. ಅದು ಸಂತೆಗೆ ತನ್ನ ಕಾಲಿನ ಮೇಲೆ ನಡೆದು ಹೋಗಬೇಕು.

ಇಲಾಖೆ ಎದ್ದು ಬರುವ ತನಕ ನಾವು ಸುಮ್ಮನೆ ಕೂಡಬೇಕಾಗಿಲ್ಲ. ನೋಟುಬುಕ್ಕಿಗೆ ಯಾರ ಅಪ್ಪಣೆಯೂ ಬೇಡ. ಈ ವಾರ ನಿಮ್ಮ ಹಟ್ಟಿಯಲ್ಲಿ ಯಾವ ಯಾವ ಆಡು ಗಬ್ಬವಿದೆ, ಎಷ್ಟನೆಯ ತಿಂಗಳು, ಹೋದ ಸಲ ಅದರ ಮರಿ ಹೇಗಿತ್ತು ಎಂಬುದನ್ನು ಬರೆಯಿಸಿರಿ. ಮರಿ ಕಾಲೆಳೆದ ತಾಯಿಯ ಹೆಸರಿನ ಮುಂದೆ ಒಂದು ಗುರುತು ಹಾಕಿಸಿ, ಅದನ್ನೇ ಮೊದಲು ವೈದ್ಯರ ಮುಂದೆ ನಿಲ್ಲಿಸಿರಿ.